ಒಡ್ಡಿನ ಮುಂದೆ ಕಾಂಡ್ಲಾ, ದಂಡೆಯ ಮೇಲೆ ಬಳ್ಳಿ

ಅಳಿವೆಯ ಅಂಚಿನಲ್ಲಿ ಗದ್ದೆ ಮಾಡುವ ಬೇಸಾಯಗಾರನಿಗೆ ಬೀಜ, ಗೊಬ್ಬರ, ಕೂಲಿ ಇವುಗಳ ಜೊತೆಗೆ ಘಟ್ಟದ ಮೇಲಿನ ರೈತನಿಗೆ ಗೊತ್ತಿಲ್ಲದ ಇನ್ನೊಂದು ಖರ್ಚು ಇದೆ. ಅದು ಒಡ್ಡಿನ ಖರ್ಚು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲ್ಲೂಕುಗಳ ಗಜನಿ ಭೂಮಿಯಲ್ಲಿ ಒಡ್ಡು ನಿಂತರೆ ಬೆಳೆ. ಒಡೆದರೆ ಆ ವರ್ಷದ ಬೆಳೆಯಂತೂ ಇಲ್ಲ, ಕೆಲವೊಮ್ಮೆ ಮುಂದಿನ ವರ್ಷದ್ದೂ ಇಲ್ಲ. ಹೀಗಿದ್ದರೂ ಒಡ್ಡಿನ ವಿಷಯ ಬಂದಾಗ ನಾವು ಮಣ್ಣು, ಕಲ್ಲು, ಸಿಮೆಂಟುಗಳ ಮಾತನ್ನೇ ಆಡುತ್ತೇವೆ. ಒಡ್ಡಿನ ಮುಂದಿರುವ ಕೆಸರು, ಆ ಕೆಸರಿನಲ್ಲಿ ನಿಂತ ಗಿಡ, ಕಡಲ ದಂಡೆಯ ಹೊಯಿಗೆ, ಅದರ ಮೇಲೆ ಹಬ್ಬಿದ ಬಳ್ಳಿ ಇವೆಲ್ಲ ತೆರೆಯ ಬಲವನ್ನು ಮುರಿಯುವ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತಿರುತ್ತವೆ. ಅವು ಇದನ್ನು ಹೇಗೆ ಮಾಡುತ್ತವೆ, ರೈತರು ಅವುಗಳಿಂದ ಹೇಗೆ ಪ್ರಯೋಜನ ಪಡೆಯಬಹುದು, ಎಲ್ಲಿ ಅವುಗಳ ಕೈಯಲ್ಲಿ ಆಗದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎಕರೆಗೆ ಎಷ್ಟು ಉಪ್ಪು?

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಇಂಥ ನೀರು ಒಂದು ಎಕರೆ ಗದ್ದೆಯಲ್ಲಿ ನಾಲ್ಕು ಅಂಗುಲ, ಅಂದರೆ 10 ಸೆಂ.ಮೀ. ನಿಂತಿತೆಂದು ಇಟ್ಟುಕೊಳ್ಳಿ. ನೀರು ಸುಮಾರು ನಾಲ್ಕು ಲಕ್ಷ ಲೀಟರ್ ಆಯಿತು. ಅದರೊಡನೆ ಗದ್ದೆಗೆ ಬಂದ ಉಪ್ಪು 14 ಟನ್! ಎಕರೆಗೆ ಎರಡು ಮೂರು ಚೀಲ ರಸಗೊಬ್ಬರ ಹಾಕಲು ಲೆಕ್ಕ ನೋಡುವ ನಮಗೆ ಈ ಅಂಕಿಯ ಅರ್ಥ ಬೇಗ ತಿಳಿಯುತ್ತದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಬೆರೆಯುವುದರಿಂದ ಅಳಿವೆಯ ನೀರು ಇಷ್ಟು ಉಪ್ಪಾಗಿರುವುದಿಲ್ಲ, ನಿಜ. ಬಂದ ನೀರೆಲ್ಲ ಗದ್ದೆಯಲ್ಲೇ ಇಂಗುವುದೂ ಇಲ್ಲ. ಆದರೆ ಇದರ ನಾಲ್ಕನೆಯ ಒಂದು ಪಾಲು ಉಳಿದರೂ ಸಾಮಾನ್ಯ ಭತ್ತಕ್ಕೆ ಅದು ಅತಿಯಾಯಿತು. ಮಣ್ಣಿನ ಸಾರದ ವಿದ್ಯುತ್ ವಾಹಕತೆ 3 ಡೆಸಿಸೀಮನ್ಸ್ (ಹಳಬರ ಲೆಕ್ಕದಲ್ಲಿ 3 ಮಿಲಿಮೋಸ್) ದಾಟಿದೊಡನೆ ಭತ್ತದ ಇಳುವರಿ ಇಳಿಯತೊಡಗುತ್ತದೆ. ಸಮುದ್ರದ ನೀರಿನದು ಸುಮಾರು 50.

ಗಜನಿ ಬೇಸಾಯಗಾರರಿಗೆ ಉಪ್ಪು ಹೊಸದೇನಲ್ಲ. ಕೊಯ್ಲಾದ ಮೇಲೆ ತೂಬಿನ ಹಲಗೆ ತೆಗೆದು ಉಪ್ಪುನೀರನ್ನು ತಾವೇ ಒಳಗೆ ಬಿಟ್ಟುಕೊಂಡು ಮೀನು, ಸಿಗಡಿ ಹಿಡಿಯುತ್ತಾರೆ. ಮುಂಗಾರಿನ ಮೊದಲ ಮಳೆಗಳು ಆ ಉಪ್ಪನ್ನು ತೊಳೆದ ಮೇಲೆ ಕಗ್ಗವನ್ನು ಬಿತ್ತುತ್ತಾರೆ. ಕಗ್ಗ ಉಪ್ಪನ್ನೂ ನಿಂತ ನೀರನ್ನೂ ತಡೆದುಕೊಳ್ಳುವ ತಳಿ. ಹಾಗೆಂದರೆ ಸಮುದ್ರದ ನೀರನ್ನೇ ಕುಡಿದು ಬದುಕುತ್ತದೆಂದು ಅರ್ಥವಲ್ಲ. ಭತ್ತಕ್ಕೆ ಉಪ್ಪಿನ ಪೆಟ್ಟು ಹೆಚ್ಚು ತಾಗುವುದು ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ. ಸಸಿ ಎದ್ದು ನಿಲ್ಲುವ ಸಮಯವೇ ಅಳಿವೆಯಲ್ಲಿ ಗಾಳಿ, ತೆರೆ, ನೆರೆ ಮೂರೂ ಒಟ್ಟಿಗೆ ಬರುವ ಸಮಯ. ಉಪ್ಪುನೀರು ನಾವು ಕರೆದಾಗ ಬರುವುದಕ್ಕೂ ಒಡ್ಡು ಒಡೆದು ನುಗ್ಗುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಅದೇ ಒಂದು ವರ್ಷದ ಅನ್ನ.

ತೆರೆಯ ಬಲ ಎಲ್ಲಿಂದ?

ಉಬ್ಬರದ ನೀರು ತಾನಾಗಿ ಒಡ್ಡನ್ನು ಒಡೆಯುವುದು ಕಡಿಮೆ. ಅದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಉಬ್ಬರದಿಂದ ಮಟ್ಟ ಏರಿದಾಗ, ಆ ಏರಿದ ನೀರಿನ ಮೇಲೆ ಗಾಳಿ ಎಬ್ಬಿಸಿದ ತೆರೆಗಳು ಒಡ್ಡಿನ ಎದೆಗೆ ಗಂಟೆಗಟ್ಟಲೆ ಬಡಿಯುತ್ತವೆ. ಮಣ್ಣು ಸಡಿಲುವುದು ಆಗ. ಎಲ್ಲೋ ಒಂದು ಏಡಿಯ ಬಿಲ ಇದ್ದರೆ ಉಳಿದ ಕೆಲಸವನ್ನು ಅದು ಮಾಡುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತೆರೆಯ ಶಕ್ತಿ ಅದರ ಎತ್ತರದ ವರ್ಗದಂತೆ ಹೆಚ್ಚುತ್ತದೆ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಇದನ್ನೇ ತಿರುಗಿಸಿ ನೋಡಿದರೆ ನಮಗೆ ಅನುಕೂಲವಾಗುತ್ತದೆ. ಎತ್ತರವನ್ನು ಅರ್ಧ ಮಾಡಿದರೆ ಒಡ್ಡಿಗೆ ತಾಗುವ ಶಕ್ತಿ ಕಾಲು ಭಾಗ ಮಾತ್ರ. ಐದನೆಯ ಒಂದು ಪಾಲಿನಷ್ಟು ತಗ್ಗಿಸಿದರೂ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ತೆರೆಯನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ, ಒಡ್ಡಿನ ಬಳಿ ಬರುವಷ್ಟರಲ್ಲಿ ಅದನ್ನು ಸ್ವಲ್ಪ ಕುಗ್ಗಿಸಿದರೆ ಸಾಕು.

ತೆರೆಯನ್ನು ಕುಗ್ಗಿಸುವ ಮೊದಲನೆಯ ಸಾಧನ ಆಳವಿಲ್ಲದ ನೀರು. ನೀರಿನ ಆಳದ ಸುಮಾರು ಮುಕ್ಕಾಲು ಭಾಗಕ್ಕಿಂತ ಎತ್ತರದ ತೆರೆ ಅಲ್ಲಿ ನಿಲ್ಲಲಾರದು, ಮುರಿದು ಬೀಳುತ್ತದೆ. ಒಡ್ಡಿನ ಬುಡದಲ್ಲಿ ನಾಲ್ಕು ಅಡಿ ನೀರಿದ್ದರೆ ಮೂರು ಅಡಿಯ ತೆರೆ ಒಡ್ಡಿನವರೆಗೂ ಬರಬಲ್ಲದು. ಎರಡು ಅಡಿ ನೀರಿದ್ದರೆ ಒಂದೂವರೆ ಅಡಿಯದು ಮಾತ್ರ. ಕೇರಳದ ಕರಾವಳಿಯಲ್ಲಿ ಮುಂಗಾರಿನಲ್ಲಿ ಕಾಣಿಸಿಕೊಳ್ಳುವ ಕೆಸರಿನ ದಿಬ್ಬಗಳ ಮಾತನ್ನು ಕೆಲವರು ಕೇಳಿರಬಹುದು. ಅಲ್ಲಿಯವರು ಅದನ್ನು ಚಾಕರ ಎನ್ನುತ್ತಾರೆ. ಆಲಪ್ಪುಳದ ಕಡೆ ಎಲ್ಲೆಡೆ ಕಡಲು ಕುದಿಯುತ್ತಿರುವಾಗ ಆ ತೆಳುಕೆಸರಿನ ಮೇಲೆ ತೆರೆಗಳು ಸತ್ತುಹೋಗಿ ನೀರು ಕೆರೆಯಂತೆ ನಿಂತಿರುತ್ತದೆ, ಮೀನುಗಾರರು ಸಣ್ಣ ದೋಣಿಗಳನ್ನು ಇಳಿಸುತ್ತಾರೆ. ಕೆಸರನ್ನು ನಾವು ಕೀಳಾಗಿ ಕಾಣುವುದು ಸರಿಯಲ್ಲ.

ಈ ಕಾರಣಕ್ಕಾಗಿ, ಒಡ್ಡಿನ ದುರಸ್ತಿಗೆ ಹೊರಬದಿಯ ಬುಡದಿಂದಲೇ ಮಣ್ಣು ತೆಗೆಯುವ ಪದ್ಧತಿಯನ್ನು ಬಿಡಬೇಕು. ಹತ್ತಿರದ ಮಣ್ಣು, ಕೂಲಿ ಕಡಿಮೆ ಎಂದು ಹಾಗೆ ಮಾಡುತ್ತಾರೆ. ಬುಡದಲ್ಲಿ ಗುಂಡಿಯಾದರೆ ಆಳ ಹೆಚ್ಚಿತು, ಆಳ ಹೆಚ್ಚಿದರೆ ದೊಡ್ಡ ತೆರೆ ಒಡ್ಡಿಗೇ ಬಂದು ತಾಗಿತು. ಮುಂದಿನ ವರ್ಷ ಮತ್ತೆ ದುರಸ್ತಿ. ಮಣ್ಣನ್ನು ಒಳಬದಿಯಿಂದಾಗಲಿ, ಒಡ್ಡಿನಿಂದ ದೂರವಿರುವ ದಿನ್ನೆಯಿಂದಾಗಲಿ ತರುವುದು ಮೊದಲಿಗೆ ದುಬಾರಿ ಎನಿಸಿದರೂ ಲಾಭಕರ.

ಕಾಂಡ್ಲಾ ಮಾಡುವ ಕೆಲಸ

ಎರಡನೆಯ ಸಾಧನ ಕಾಂಡ್ಲಾ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಬಯಲಾಗುವ ಕೆಸರಿನಲ್ಲಿ ಬೆಳೆಯುವ ಈ ಗಿಡಮರಗಳ ಒಂದು ಕುಲಕ್ಕೆ ಸಸ್ಯಶಾಸ್ತ್ರದಲ್ಲಿ ಕಾಂಡೇಲಿಯಾ ಎಂದೇ ಹೆಸರು. ಅದು ನಮ್ಮ ಪಶ್ಚಿಮ ಕರಾವಳಿಯ ಮಾತಿನಿಂದ ಹೋದದ್ದು. ರೈಜೋಫೋರಾ ಜಾತಿಯ ಕಾಂಡ್ಲಾ ಕಾಂಡದಿಂದ ಕಮಾನಿನಂಥ ಬೇರುಗಳನ್ನು ಸುತ್ತಲೂ ಇಳಿಸುತ್ತದೆ. ಉಪ್ಪಟ್ಟಿ ಎಂದು ಕೆಲವೆಡೆ ಕರೆಯುವ ಅವಿಸೆನ್ನಿಯಾ ಕೆಸರಿನಿಂದ ಮೇಲಕ್ಕೆ ಬೆರಳುಗಳಂಥ ಉಸಿರುಬೇರುಗಳನ್ನು ಚಾಚುತ್ತದೆ. ತೆರೆ ಈ ಸಾವಿರಾರು ಬೇರುಗಳ ನಡುವೆ ಹಾಯುವಾಗ ಪ್ರತಿಯೊಂದಕ್ಕೂ ತಾಗಿ ಸುಳಿಯಾಗಿ ಒಡೆಯುತ್ತದೆ. ಗೋಡೆಗೆ ಬಡಿದ ತೆರೆ ಹಿಂದಕ್ಕೆ ಚಿಮ್ಮಿ ಬುಡವನ್ನು ಕೊರೆಯುತ್ತದೆ. ಬೇರುಗಳ ನಡುವೆ ಹೊಕ್ಕ ತೆರೆಗೆ ಹಿಂದಕ್ಕೆ ಚಿಮ್ಮುವ ಬಲವೇ ಉಳಿಯುವುದಿಲ್ಲ. ನೀರಿನ ವೇಗ ತಗ್ಗಿದಲ್ಲಿ ಹೊಳೆ ತಂದ ಮಣ್ಣು ತಳಕ್ಕೆ ಕೂರುತ್ತದೆ. ವರ್ಷ ಕಳೆದಂತೆ ತಳ ಏರಿ ಆಳ ಕಡಿಮೆಯಾಗುತ್ತದೆ. ಹೀಗೆ ಎರಡನೆಯ ಸಾಧನವು ಮೊದಲನೆಯದನ್ನು ಬಲಪಡಿಸುತ್ತದೆ.

ಇದನ್ನು ಅಳೆದು ನೋಡಿದ್ದಾರೆಯೇ ಎಂದು ನೀವು ಕೇಳಬಹುದು. ಅಳೆದಿದ್ದಾರೆ. ಉತ್ತರ ವಿಯೆಟ್ನಾಮಿನ ನದೀಮುಖಜ ಭೂಮಿಯಲ್ಲಿ ಕಡಲ ಒಡ್ಡುಗಳ ಹಿಂದೆ ಭತ್ತ ಬೆಳೆಯುತ್ತಾರೆ, ಒಡ್ಡುಗಳ ಮುಂದೆ ಕಾಂಡೇಲಿಯಾ ನೆಟ್ಟಿದ್ದಾರೆ. ಅಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವರ್ಷದ ಗಿಡಗಳ ನಡುವೆ ಪ್ರತಿ 100 ಮೀಟರಿಗೆ ತೆರೆಯ ಎತ್ತರ ಶೇಕಡಾ 20ರವರೆಗೆ ತಗ್ಗಿದ್ದು ಕಂಡುಬಂದಿತು. ಹೊರಗೆ ಒಂದು ಮೀಟರ್ ಇದ್ದ ತೆರೆ ಒಂದೂವರೆ ಕಿ.ಮೀ. ಅಗಲದ ಪಟ್ಟಿಯನ್ನು ದಾಟಿ ದಡ ಸೇರುವಾಗ 5 ಸೆಂ.ಮೀ. ಆಗುತ್ತದೆ, ಗಿಡಗಳಿಲ್ಲದಿದ್ದರೆ 75 ಸೆಂ.ಮೀ. ಇರುತ್ತಿತ್ತು. ಬೇರೆ ಬೇರೆ ದೇಶಗಳ ಅಳತೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಹೊರಬಂದ ವರದಿಯೊಂದರಲ್ಲಿ 100 ಮೀಟರಿಗೆ ಶೇಕಡಾ 13ರಿಂದ 66ರವರೆಗೆ ಇಳಿತ ದಾಖಲಾಗಿದೆ. ಅಂತರ ಇಷ್ಟೊಂದು ಏಕೆಂದರೆ ಗಿಡದ ವಯಸ್ಸು, ದಟ್ಟಣೆ, ನೀರಿನ ಆಳ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ.

ನಮ್ಮ ದೇಶದ ಉದಾಹರಣೆ ಇನ್ನೂ ಕಣ್ಣು ತೆರೆಸುವಂಥದು. 1999ರ ಅಕ್ಟೋಬರಿನ ಭಾರೀ ಚಂಡಮಾರುತದ ನಂತರ ಒಡಿಶಾದ ಭಿತರಕನಿಕಾ ಪ್ರದೇಶದಲ್ಲಿ ಮೂರು ಬಗೆಯ ಹಳ್ಳಿಗಳ ನಷ್ಟವನ್ನು ಹೋಲಿಸಿ ನೋಡಲಾಯಿತು. ಕಾಂಡ್ಲಾ ಕಾಡಿನ ಮರೆಯಲ್ಲಿದ್ದ ಹಳ್ಳಿಯಲ್ಲಿ ಮನೆಯೊಂದಕ್ಕೆ ಆದ ನಷ್ಟ ಎಲ್ಲಕ್ಕಿಂತ ಕಡಿಮೆ. ಇದು ಎಲ್ಲರೂ ಊಹಿಸುವಂಥದೇ. ಆದರೆ ಅತಿ ಹೆಚ್ಚು ನಷ್ಟವಾದದ್ದು ಏನೂ ರಕ್ಷಣೆಯಿಲ್ಲದ ಹಳ್ಳಿಯಲ್ಲಲ್ಲ, ಕಾಂಡ್ಲಾ ಇಲ್ಲದೆ ಒಡ್ಡು ಮಾತ್ರ ಇದ್ದ ಹಳ್ಳಿಯಲ್ಲಿ. ಗಜನಿಯವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಒಡ್ಡು ಒಂದು ಕಡೆ ಒಡೆದರೆ ಒಳಗೆ ನುಗ್ಗಿದ ಉಪ್ಪುನೀರು ಹೊರಗೆ ಹೋಗಲು ಅದೇ ಒಡ್ಡು ಅಡ್ಡವಾಗುತ್ತದೆ.

ಹಾಗಾದರೆ ಒಡ್ಡು ಬೇಡವೇ? ಬೇಕು. ಕಾಂಡ್ಲಾ ತೆರೆಯನ್ನು ಮುರಿಯುತ್ತದೆ, ಉಬ್ಬರದ ನೀರನ್ನು ತಡೆಯುವುದಿಲ್ಲ. ಬೇಲಿ ಬೇರೆ, ಬಾಗಿಲು ಬೇರೆ. ಇವೆರಡೂ ಒಟ್ಟಿಗೆ ಇದ್ದರೆ ಒಡ್ಡಿನ ಆಯುಷ್ಯ ಹೆಚ್ಚುತ್ತದೆ. ಇನ್ನೊಂದು ಮಾತು: ಅಳಿವೆಯೊಳಗಿನ ಗಾಳಿತೆರೆ, ಯಂತ್ರದೋಣಿಯ ತೆರೆ ಇಂಥ ಚಿಕ್ಕ ಚಿಕ್ಕ ತೆರೆಗಳ ಮೇಲೆ ಕಾಂಡ್ಲಾ ಚೆನ್ನಾಗಿ ಕೆಲಸ ಮಾಡುತ್ತದೆ. ಚಂಡಮಾರುತದಲ್ಲಿ ಕಡಲೇ ಉಬ್ಬಿ ಬಂದಾಗ ಒಂದು ಕಿ.ಮೀ. ಅಗಲದ ಕಾಡು ನೀರಿನ ಮಟ್ಟವನ್ನು ತಗ್ಗಿಸುವುದು ಕೆಲವು ಅಂಗುಲಗಳಿಂದ ಒಂದೂವರೆ ಅಡಿಯವರೆಗೆ ಮಾತ್ರ. ನಾಲ್ಕು ಸಾಲು ಗಿಡ ನೆಟ್ಟು ಚಂಡಮಾರುತಕ್ಕೆ ಹೆದರಬೇಕಾಗಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕರ್ನಾಟಕದಲ್ಲಿ ಕಾಂಡ್ಲಾ ಉಳಿದಿರುವುದೇ ಸ್ವಲ್ಪ. ಭಾರತೀಯ ಅರಣ್ಯ ಸರ್ವೇಕ್ಷಣೆಯ 2021ರ ವರದಿಯಲ್ಲಿ ನಮ್ಮ ಪಾಲು 13 ಚದರ ಕಿ.ಮೀ. ಕಡಿದು ಗದ್ದೆ ಮಾಡೋಣವೆಂಬ ಆಸೆ ಇನ್ನೂ ಕೆಲವರಿಗೆ ಇದ್ದರೆ ಮಣ್ಣಿನ ಕಡೆಯಿಂದಲೂ ಒಂದು ಎಚ್ಚರಿಕೆ ಹೇಳಬೇಕು. ಕಾಂಡ್ಲಾ ಬುಡದ ಕಪ್ಪು ಕೆಸರಿನಲ್ಲಿ ಗಂಧಕದ ಅಂಶ ಸೇರಿರುತ್ತದೆ. ಅದನ್ನು ಬಸಿದು ಗಾಳಿಗೆ ಒಡ್ಡಿದರೆ ಗಂಧಕಾಮ್ಲವಾಗಿ ಮಣ್ಣು ಹುಳಿಯಾಗುತ್ತದೆ, ಕಬ್ಬಿಣ ಕರಗಿ ಬೇರಿಗೆ ವಿಷವಾಗುತ್ತದೆ. ಸುಣ್ಣ ಹಾಕಿ ತಿದ್ದಲು ಹೋದರೆ ಬೆಳೆಯ ಬೆಲೆಗಿಂತ ಸುಣ್ಣದ ಬೆಲೆಯೇ ಹೆಚ್ಚಾದೀತು.

ನೆಡುವ ಕ್ರಮ

ಕೇರಳದ ಕಣ್ಣೂರು ಜಿಲ್ಲೆಯ ಪಳಯಂಗಾಡಿಯ ಬಳಿ ಗದ್ದೆ ಕೂಲಿ ಮಾಡುತ್ತಿದ್ದ ಕಲ್ಲೇನ್ ಪೊಕ್ಕುಡನ್ 1989ರಲ್ಲಿ ಹೊಳೆಯ ದಂಡೆಯ ಮೇಲೆ 500 ಕಾಂಡ್ಲಾ ಸಸಿಗಳನ್ನು ನೆಟ್ಟರು. ಹೊಳೆಬದಿಯ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಮಳೆಗಾಲದ ಗಾಳಿ, ತೆರೆಗಳ ಕಾಟ ತಪ್ಪಲಿ ಎಂಬುದು ಅವರ ಉದ್ದೇಶ. 2015ರಲ್ಲಿ ತೀರಿಕೊಳ್ಳುವವರೆಗೂ ಅವರು ನೆಡುತ್ತಲೇ ಇದ್ದರು. ಶಾಲೆಯಲ್ಲಿ ಹೆಚ್ಚು ಓದದ ಅವರಿಗೆ ಯಾವ ಗಿಡ ಯಾವ ಕೆಸರಿನಲ್ಲಿ ನಿಲ್ಲುತ್ತದೆಂಬುದು ಚೆನ್ನಾಗಿ ತಿಳಿದಿತ್ತು. ಯಶಸ್ಸು ಇರುವುದು ಅಲ್ಲಿಯೇ. ಸುನಾಮಿಯ ನಂತರ ಶ್ರೀಲಂಕಾದಲ್ಲಿ ಬಹಳ ಹಣ ಸುರಿದು ಕಾಂಡ್ಲಾ ನೆಡಲಾಯಿತು. ಆಮೇಲೆ ಪರಿಶೀಲಿಸಿದ 23 ಸ್ಥಳಗಳ ಪೈಕಿ 9ರಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಬಹುಪಾಲು ತಪ್ಪು ಜಾಗ, ತಪ್ಪು ಜಾತಿ, ನೆಟ್ಟ ಮೇಲೆ ನೋಡಿಕೊಳ್ಳದಿರುವುದು ಇವೇ ಕಾರಣಗಳು.

ಜಾಗವನ್ನು ಆರಿಸಲು ಉಪಕರಣ ಬೇಕಾಗಿಲ್ಲ. ನಿಮ್ಮ ಹೊಳೆಯಲ್ಲೇ ತಾನಾಗಿ ಬೆಳೆದ ಕಾಂಡ್ಲಾ ಗುಂಪನ್ನು ಹುಡುಕಿ. ದೊಡ್ಡ ಉಬ್ಬರದ ದಿನ ಅದರ ಬುಡದಲ್ಲಿ ನೀರು ಎಷ್ಟು ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೋಲು ನೆಟ್ಟು ಗುರುತು ಮಾಡಿ. ನೀವು ನೆಡುವ ಜಾಗದಲ್ಲೂ ಅಷ್ಟೇ ಇರಬೇಕು. ಇಳಿತದಲ್ಲೂ ನೀರು ಬಿಡದ ತಗ್ಗಿನಲ್ಲಿ ನೆಟ್ಟ ಗಿಡ ಉಸಿರು ಕಟ್ಟಿ ಸಾಯುತ್ತದೆ. ಒಡ್ಡಿನ ಬುಡದಿಂದ ಎರಡು ಮೂರು ಮೀಟರ್ ಖಾಲಿ ಬಿಡಿ. ಒಡ್ಡಿನ ಮೇಲೆ ಮಾತ್ರ ಮರ ಬೆಳೆಯಗೊಡಬಾರದು. ಬೇರಿನ ಸಂದಿಯಲ್ಲಿ ನೀರು ಜಿನುಗುತ್ತದೆ, ಏಡಿಯ ಬಿಲವೂ ಕಾಣುವುದಿಲ್ಲ.

ರೈಜೋಫೋರಾದ ಕಾಯಿ ಮರದಲ್ಲೇ ಮೊಳೆತು ಉದ್ದನೆಯ ಕೋಡಿನಂತೆ ಜೋತಾಡುತ್ತದೆ. ಮಳೆಗಾಲದಲ್ಲಿ ಬಲಿತಾಗ ಕೋಡಿನ ತುದಿ, ಕಾಯಿ ಸೇರುವಲ್ಲಿ ಹಳದಿ ಉಂಗುರ ಮೂಡುತ್ತದೆ, ಮುಟ್ಟಿದರೆ ಕಳಚಿ ಬರುತ್ತದೆ. ಇಂಥದನ್ನೇ ಆರಿಸಿ, ಹುಳು ಕೊರೆದದ್ದನ್ನು ಬಿಟ್ಟು, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿಟ್ಟು ಕೆಲವೇ ದಿನಗಳಲ್ಲಿ ನೆಡಬೇಕು. ಚೂಪು ತುದಿ ಕೆಳಗೆ ಬರುವಂತೆ ಉದ್ದದ ಮೂರನೆಯ ಒಂದು ಪಾಲನ್ನು ಕೆಸರಿಗೆ ಇಳಿಸಬೇಕು. ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ ಒಂದು ಮೀಟರ್ ಸಾಕು. ನೆರೆಯ ಸೆಳೆತವಿರುವ ಹೊಳೆಗಳಲ್ಲಿ ನೇರವಾಗಿ ನೆಡದೆ, ಕೆಸರು ತುಂಬಿದ ಚೀಲಗಳಲ್ಲಿ ಬೆಳೆಸಿ ನೆರೆ ಇಳಿದ ಮೇಲೆ ನೆಡುವುದು ಲೇಸು. ಉಪ್ಪಟ್ಟಿಯನ್ನು ದನ, ಎಮ್ಮೆಗಳು ಮೇಯುತ್ತವೆ. ಅವು ಇಳಿಯುವ ಕಡೆ ಬೇಲಿ ಅಗತ್ಯ. ಮೊದಲ ಎರಡು ಮೂರು ವರ್ಷ ಸಸಿಗೆ ಸುತ್ತಿಕೊಂಡ ಪಾಚಿ, ಬಲೆಯ ಚೂರು, ಪ್ಲಾಸ್ಟಿಕ್‌ಗಳನ್ನು ಬಿಡಿಸಬೇಕು, ಸತ್ತ ಕಡೆ ಬೇರೆ ನೆಡಬೇಕು. ದೋಣಿಯವರಿಗೂ ಚಿಪ್ಪು ಹೆಕ್ಕುವವರಿಗೂ ದಾರಿ ಬಿಡುವುದನ್ನು ಮರೆಯಬೇಡಿ. ಅವರನ್ನು ಕೇಳದೆ ನೆಟ್ಟ ಗಿಡ ಉಳಿಯುವುದು ಕಷ್ಟ, ಅವರ ತಕರಾರು ನ್ಯಾಯವಾದದ್ದೂ ಹೌದು.

ಒಡ್ಡಿನ ಹೊರಗಿನ ಉಬ್ಬರದ ಜಾಗ ಸಾಮಾನ್ಯವಾಗಿ ಸರ್ಕಾರದ್ದು. 1991ರಿಂದ ಜಾರಿಗೆ ಬಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಕಾಂಡ್ಲಾಕ್ಕೆ ಅತಿ ಹೆಚ್ಚಿನ ರಕ್ಷಣೆ ಇದೆ; ಈಗ ಜಾರಿಯಲ್ಲಿರುವುದು 2019ರ ಅಧಿಸೂಚನೆ. ಅಘನಾಶಿನಿಯ ಅಳಿವೆಯಂತೂ 2024ರಲ್ಲಿ ರಾಮ್‌ಸಾರ್ ತಾಣಗಳ ಪಟ್ಟಿಗೂ ಸೇರಿದೆ. ಆದುದರಿಂದ ನೆಡುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಒಂದೇ ಒಡ್ಡಿನ ಗದ್ದೆಯವರೆಲ್ಲ ಸೇರಿ ಅರ್ಜಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಸಸಿಗಳೂ ಅಲ್ಲಿಯೇ ಸಿಕ್ಕಬಹುದು.

ತೆರೆದ ಕಡಲ ದಂಡೆಯಲ್ಲಿ

ಇದುವರೆಗೆ ಹೇಳಿದ್ದು ಅಳಿವೆಯ ಒಳಗಿನ ಮಾತು. ಕಡಲಿಗೆ ನೇರವಾಗಿ ಮುಖ ಮಾಡಿದ ಹೊಯಿಗೆ ದಂಡೆಯಲ್ಲಿ ಕಾಂಡ್ಲಾ ನಿಲ್ಲದು. ಅಲ್ಲಿ ತೆಂಗಿನ ತೋಟದವರನ್ನು ಕಾಯುವುದು ಹೊಯಿಗೆಯೇ. ಮುಂಗಾರಿನ ದೊಡ್ಡ ತೆರೆಗಳು ದಂಡೆಯ ಹೊಯಿಗೆಯನ್ನು ಎಳೆದು ಸ್ವಲ್ಪ ಹೊರಗೆ ನೀರಿನೊಳಗೆ ದಿಬ್ಬವಾಗಿ ಹಾಕುತ್ತವೆ. ಮುಂದಿನ ತೆರೆಗಳು ಆ ದಿಬ್ಬದ ಮೇಲೆಯೇ ಮುರಿಯುತ್ತವೆ. ಮಳೆಗಾಲ ಮುಗಿದ ಮೇಲೆ ಮೆದುವಾದ ತೆರೆಗಳು ಅದೇ ಹೊಯಿಗೆಯನ್ನು ದಡಕ್ಕೆ ತಂದು ಹಾಕುತ್ತವೆ. ಆಷಾಢದಲ್ಲಿ ಕಳೆದುಕೊಂಡದ್ದನ್ನು ಕಂಡು ಕಂಗಾಲಾಗದೆ ಕಾರ್ತೀಕದವರೆಗೆ ಕಾಯಬೇಕೆಂದು ಹಿರಿಯರು ಹೇಳುವುದು ಈ ಕಾರಣದಿಂದ. ಆದರೆ ಈ ಕೊಡುಕೊಳ್ಳುವಿಕೆ ನಡೆಯಬೇಕಾದರೆ ದಂಡೆಯ ಹಿಂದೆ ಹೊಯಿಗೆಯ ಗುಡ್ಡೆ ಇರಬೇಕು. ಅದನ್ನು ಮನೆ ಕಟ್ಟಲು, ತೋಟ ತುಂಬಿಸಲು ಸಾಗಿಸಿದರೆ ಕಡಲಿಗೆ ಕೊಡಲು ನಮ್ಮ ಬಳಿ ತೋಟವೇ ಉಳಿಯುವುದು.

ಗುಡ್ಡೆಗೆ ಇನ್ನೊಂದು ಉಪಯೋಗವಿದೆ. ಮಳೆಯ ನೀರು ಹೊಯಿಗೆಯೊಳಗೆ ಇಂಗಿ, ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಲ್ಲದು ಎಂಬುದು ಲೆಕ್ಕ. ಮೇಲಿನ ಒಂದು ಅಡಿ ಹೋದರೆ ಕೆಳಗಿನ 40 ಅಡಿಯೂ ಹೋಯಿತು. ಗುಡ್ಡೆ ಅಗೆದ ಊರುಗಳಲ್ಲಿ ಬಾವಿ ಉಪ್ಪಾಗುವುದು ಹೀಗೆ.

ಗುಡ್ಡೆಯನ್ನು ಹಿಡಿದು ನಿಲ್ಲಿಸುವುದು ಬಳ್ಳಿ ಮತ್ತು ಹುಲ್ಲು. ಮೇಕೆಯ ಗೊರಸಿನಂಥ ಎಲೆ, ನೇರಳೆ ಹೂವಿನ ಅಡುಂಬು ಬಳ್ಳಿ ಕಡಲಿಗೆ ಅತಿ ಹತ್ತಿರ ಹಬ್ಬುತ್ತದೆ. ಮುಳ್ಳುಚೆಂಡು ಬಿಡುವ ರಾವಣನ ಮೀಸೆ ಹುಲ್ಲು ಅದರ ಜೊತೆಗಾರ. ಇವು ಗಾಳಿಯಲ್ಲಿ ಹಾರಿ ಬರುವ ಹೊಯಿಗೆಯನ್ನು ತಡೆದು ಅದರ ಮೇಲೆಯೇ ಮತ್ತೆ ಬೆಳೆಯುತ್ತವೆ, ಗುಡ್ಡೆ ಎತ್ತರವಾಗುತ್ತದೆ. ಇವುಗಳ ಹಿಂದೆ ಕೇದಗೆ, ಲಕ್ಕಿ, ಅದರ ಹಿಂದೆ ಹೊನ್ನೆ. ಕಾರವಾರದ ಕಡೆ ಹತ್ತೊಂಬತ್ತನೆಯ ಶತಮಾನದಲ್ಲೇ ನೆಡಲು ಆರಂಭಿಸಿದ ಗಾಳಿಮರ ಗಾಳಿಯನ್ನು ತಡೆಯಲು ಒಳ್ಳೆಯದು. ಆದರೆ ಅದನ್ನು ಕಡಲ ಅಂಚಿಗೇ ತಂದು ನೆಡುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಅದರ ಒಣ ಎಲೆಯ ಹಾಸಿನ ಕೆಳಗೆ ಬಳ್ಳಿ ಹಬ್ಬುವುದಿಲ್ಲ, ಬುಡದ ಹೊಯಿಗೆ ಕೊರೆದಾಗ ಮರ ಮಗುಚಿಕೊಳ್ಳುತ್ತದೆ. ಬಳ್ಳಿಯ ಹಿಂದೆ ಅದಕ್ಕೆ ಜಾಗವಿದೆ.

ಕಲ್ಲಿನ ತಡೆಗೋಡೆಯ ವಿಷಯ. ಮನೆಯ ಹೊಸ್ತಿಲಿಗೆ ಕಡಲು ಬಂದಲ್ಲಿ ಕಲ್ಲು ಹಾಕದೆ ಗತಿಯಿಲ್ಲ, ಅಲ್ಲಿ ಬಳ್ಳಿಯ ಮಾತು ಆಡುವುದು ಸರಿಯಲ್ಲ. ಆದರೆ ಗೋಡೆಗೆ ಬಡಿದ ತೆರೆ ಮುಂದಿನ ಹೊಯಿಗೆಯನ್ನು ಕೊರೆಯುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದವನ ದಂಡೆಯನ್ನು ಇನ್ನೂ ಹೆಚ್ಚು ಕೊರೆಯುತ್ತದೆ. ಆದ್ದರಿಂದ ಹೊಯಿಗೆ ಇನ್ನೂ ಉಳಿದಿರುವ ಊರಿನವರು ಗೋಡೆಗೆ ಅರ್ಜಿ ಹಾಕುವ ಮೊದಲು ಬಳ್ಳಿಯನ್ನು ಪ್ರಯತ್ನಿಸಿ ನೋಡಬೇಕು. ಇದಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು. ಬಲಿತ ಅಡುಂಬು ಬಳ್ಳಿಯನ್ನು ಒಂದೂವರೆ ಎರಡು ಅಡಿ ಉದ್ದದ ತುಂಡುಗಳಾಗಿ ಕತ್ತರಿಸಿ, ಎರಡು ಗೆಣ್ಣು ಹೊಯಿಗೆಯೊಳಗೆ ಇರುವಂತೆ, ಮಳೆಗಾಲದ ತೆರೆ ಮುಟ್ಟದ ಮಟ್ಟದಲ್ಲಿ ಮೊದಲ ಮಳೆಗೆ ನೆಡಬೇಕು. ಬೇರು ಹಿಡಿಯುವವರೆಗೆ ಜನ, ದನ ತುಳಿಯದಂತೆ ತೆಂಗಿನ ಗರಿ ಅಡ್ಡ ಕಟ್ಟಿದರೆ ಸಾಕು. ಆ ಗರಿಗಳೂ ಹೊಯಿಗೆ ಹಿಡಿಯುತ್ತವೆ. ದೋಣಿ ಎಳೆಯಲು ದಾರಿ ಬೇಕೇ ಬೇಕು. ಅದನ್ನು ಕಡಲಿಗೆ ನೇರವಾಗಿ ಬಿಡದೆ ಓರೆಯಾಗಿ ಬಿಡಿ. ನೇರ ದಾರಿಯಲ್ಲಿ ಗಾಳಿಯೂ ನೀರೂ ಗುಡ್ಡೆಯನ್ನು ಸೀಳಿಕೊಂಡು ತೋಟಕ್ಕೆ ನುಗ್ಗುತ್ತವೆ.